ಹಳೆಯ ಲಾರಿಯೂ ಸೋರುವ ಎಣ್ಣೆಯೂ

'ಹನಿ ಹನಿ ಕೂಡಿದರೆ ಹಳ್ಳ' ಎಂಬ ಗಾದೆಯನ್ನು ನಾವು ಉಳಿತಾಯವನ್ನು ಹೊಗಳುವುದಕ್ಕೆ ಬಳಸುತ್ತೇವೆ. ಆ ಗಾದೆಯನ್ನು ತಿರುಗಿಸಿ ಹಿಡಿದರೆ ಅದೇ ನಷ್ಟದ ಲೆಕ್ಕವೂ ಆಗುತ್ತದೆ. ಹಳೆಯ ಲಾರಿಯ ಕೆಳಗೆ ಬೀಳುವ ಎಣ್ಣೆಯ ಹನಿ ಈ ಎರಡನೆಯ ಜಾತಿಯದು. ಅರ್ಥಶಾಸ್ತ್ರದ ತರಗತಿಯಲ್ಲಿ 'ಸವಕಳಿ' ಎಂಬ ಶಬ್ದ ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಲಾರಿ ನಿಂತ ಜಾಗದ ಕಪ್ಪು ಕಲೆ. ಪುಸ್ತಕದಲ್ಲಿ ಸವಕಳಿ ವರ್ಷಕ್ಕೊಮ್ಮೆ ಬರೆಯುವ ಅಂಕಿ. ಲಾರಿಯ ಕೆಳಗೆ ಅದು ದಿನವೂ ಕಣ್ಣಿಗೆ ಕಾಣುವ ವಸ್ತು. ಆ ಕಲೆಯನ್ನು ಓದುವುದು ಹೇಗೆ, ಅದರೊಡನೆ ಎಷ್ಟು ಕಾಲ ಬಾಳಬಹುದು ಎಂಬುದೇ ಪ್ರಸ್ತುತ ಲೇಖನದ ವಿಷಯ.

ನಮ್ಮ ಸಿದ್ದಾಪುರದ ಸುತ್ತಿನವರಿಗೆ ಇದು ದೂರದ ಮಾತಲ್ಲ. ೧೯೫೩ರಲ್ಲಿ ತುಂಗಭದ್ರೆಯ ನೀರು ಕಾಲುವೆಗಳಿಗೆ ಹರಿಯತೊಡಗಿದ ಮೇಲೆ ಎಡದಂಡೆಯ ಈ ನೆಲ ಭತ್ತದ ನಾಡಾಯಿತು. ಮರುವರ್ಷವೇ, ಅಂದರೆ ೧೯೫೪ರಲ್ಲಿ, ಜಮ್‌ಶೆಡ್‌ಪುರದಲ್ಲಿ ಟಾಟಾ ಕಂಪನಿಯವರು ಜರ್ಮನಿಯ ಡೈಮ್ಲರ್ ಬೆಂಜ್ ಸಂಸ್ಥೆಯ ಸಹಯೋಗದಿಂದ ಡೀಸೆಲ್ ಲಾರಿಗಳನ್ನು ತಯಾರಿಸಲಾರಂಭಿಸಿದರು. ಭತ್ತವೂ ಲಾರಿಯೂ ಹೀಗೆ ಒಂದೇ ಕಾಲದಲ್ಲಿ ಬೆಳೆದವು. ಇಂದು ಸುಗ್ಗಿಯಲ್ಲಿ ಕಾರಟಗಿ, ಗಂಗಾವತಿಗಳ ಅಕ್ಕಿ ಗಿರಣಿಗಳ ಮುಂದೆ ಸಾಲುಗಟ್ಟಿ ನಿಲ್ಲುವ ಲಾರಿಗಳಲ್ಲಿ ಎರಡು ಮೂರು ಕೈ ದಾಟಿ ಬಂದವು ಅನೇಕ. ಹೊಸದನ್ನು ಕೊಳ್ಳಲಾರದ ಮನೆಗಳು ಹಳೆಯದನ್ನು ಕೊಂಡು ಬದುಕು ಕಟ್ಟುತ್ತವೆ. ಅಂಥ ಮನೆಯಲ್ಲಿ ಇಂಜಿನ್ನು ನಿಂತರೆ ಸಾಲದ ಕಂತೂ ನಿಲ್ಲುತ್ತದೆ, ಮಕ್ಕಳ ಓದೂ ನಿಲ್ಲಬಹುದು.

ಮೊದಲು ಎಣ್ಣೆಯ ಕೆಲಸವೇನೆಂದು ತಿಳಿಯೋಣ. ತಿರುಗುವ ದಂಡಕ್ಕೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ಕೂದಲಿಗಿಂತ ತೆಳುವಾದ ಎಣ್ಣೆಯ ಪದರವಿರುತ್ತದೆ. ಲೋಹ ಲೋಹವನ್ನು ಮುಟ್ಟದಂತೆ ತಡೆಯುವುದು ಈ ಪದರವೇ. ಇದಲ್ಲದೆ ಎಣ್ಣೆಯು ಶಾಖವನ್ನು ಹೊತ್ತೊಯ್ಯುತ್ತದೆ, ಮಸಿಯನ್ನು ತೊಳೆಯುತ್ತದೆ, ಪಿಸ್ಟನ್ನಿನ ಸಂದನ್ನು ಮುಚ್ಚುತ್ತದೆ. ಇಂಜಿನ್ನು ಒಂದೇ ಲೋಹದ ಗಡ್ಡೆಯಲ್ಲ. ಅನೇಕ ತುಂಡುಗಳ ಜೋಡಣೆ. ಪ್ರತಿ ಜೋಡಣೆಯಲ್ಲೂ ಗ್ಯಾಸ್ಕೆಟ್ಟು, ತಿರುಗುವ ದಂಡ ಹೊರಬರುವಲ್ಲೆಲ್ಲ ರಬ್ಬರಿನ ಸೀಲು. ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಇವು ಗಡಸಾಗುತ್ತವೆ, ಸೀಳುತ್ತವೆ. ಆದುದರಿಂದ ಹಳೆಯ ಇಂಜಿನ್ನು ಸೋರುವುದು ಸಹಜ. ಎಲ್ಲಿಂದ, ಎಷ್ಟು ಎಂಬುದೇ ಪ್ರಶ್ನೆ.

ಅದಕ್ಕೂ ಮೊದಲು ಸೋರಿದ್ದು ಯಾವ ದ್ರವವೆಂದು ಗುರುತಿಸಬೇಕು. ಡೀಸೆಲ್ ಇಂಜಿನ್ನಿನ ಎಣ್ಣೆ ಮಸಿಯಿಂದಾಗಿ ಬೇಗನೆ ಕಪ್ಪಾಗುತ್ತದೆ. ಗೇರ್‌ಬಾಕ್ಸಿನ ಎಣ್ಣೆ ಮಂದವಾಗಿದ್ದು ಗಂಧಕದ ಘಾಟು ವಾಸನೆ ಬೀರುತ್ತದೆ. ಡೀಸೆಲ್ ತೆಳ್ಳಗಿದ್ದು ವಾಸನೆಯಿಂದಲೇ ತಿಳಿಯುತ್ತದೆ. ಬಿಳಿಯ ಕಾಗದದ ಮೇಲೆ ಒಂದು ಹನಿ ಹಿಡಿದು ಬೆಳಕಿನಲ್ಲಿ ನೋಡಿದರೆ ಅರ್ಧ ಸಂಶಯ ಅಲ್ಲಿಯೇ ಪರಿಹಾರವಾಗುತ್ತದೆ. ಹೊಗೆಯನ್ನೂ ನೋಡಬೇಕು. ನೆಲದ ಮೇಲೆ ಕಲೆಯಿಲ್ಲದೆ ಎಣ್ಣೆ ಕಡಿಮೆಯಾಗುತ್ತಿದ್ದು ಹೊಗೆ ನೀಲಿಯಾಗಿದ್ದರೆ ಅದು ಸೋರಿಕೆಯಲ್ಲ, ಒಳಗೆ ಉರಿಯುತ್ತಿದೆಯೆಂದು ಅರ್ಥ. ಅದರ ಚಿಕಿತ್ಸೆ ಬೇರೆ.

ಇನ್ನು ಮುಖ್ಯ ಮಾತಿಗೆ ಬರೋಣ. ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಕಾಲುವೆಯ ಕೊನೆಯ ಭಾಗದ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರಿನ ಕೊರತೆ ಕಾಣುವುದು ಅವನ ಗದ್ದೆಯಲ್ಲಿ. ನೀರು ತಪ್ಪಿಹೋಗಿರುವುದು ಮೇಲೆಲ್ಲೋ. ಹಾಗೆಯೇ ಎಣ್ಣೆಯೂ ಮೇಲಿನಿಂದ ಇಳಿಯುತ್ತದೆ, ಓಡುವ ಲಾರಿಯ ಗಾಳಿಗೆ ಹಿಂದಕ್ಕೆ ಹರಡುತ್ತದೆ, ಕೊನೆಗೆ ಅತಿ ತಗ್ಗಿನ ಬೋಲ್ಟಿನ ತುದಿಯಲ್ಲಿ ಹನಿಯಾಗುತ್ತದೆ. ಆದುದರಿಂದ ಹುಡುಕುವವನು ಕೆಳಗಿನಿಂದ ಮೇಲಕ್ಕೆ, ಹಿಂದಿನಿಂದ ಮುಂದಕ್ಕೆ ಹೋಗಬೇಕು. ಒದ್ದೆಯಾದ ಭಾಗಗಳಲ್ಲಿ ಅತಿ ಎತ್ತರದ್ದೂ ಅತಿ ಮುಂದಿನದೂ ಯಾವುದೋ, ಮೂಲವು ಅದರ ಬಳಿಯಲ್ಲಿರುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕುಂಟು. ಎರೆಮಣ್ಣಿನ ಧೂಳೂ ಗಿರಣಿಯ ಹೊಟ್ಟಿನ ಪುಡಿಯೂ ಎಣ್ಣೆಗೆ ಅಂಟಿ ಇಂಜಿನ್ನಿನ ಮೈಮೇಲೆ ಹಕ್ಕಳೆಗಟ್ಟುತ್ತವೆ. ಹಕ್ಕಳೆಯು ಸೋರಿಕೆಯನ್ನು ಮರೆಮಾಡುವುದಲ್ಲದೆ ಶಾಖ ಹೊರಹೋಗದಂತೆಯೂ ತಡೆಯುತ್ತದೆ. ಆದ್ದರಿಂದ ಪರೀಕ್ಷೆಯ ಮೊದಲ ಹೆಜ್ಜೆ ಸ್ನಾನ. ಇಂಜಿನ್ನು ತಣ್ಣಗಿರುವಾಗ ಹಕ್ಕಳೆಯನ್ನು ಕೆರೆದು, ಸೀಮೆಎಣ್ಣೆ ಅಥವಾ ಡೀಸೆಲಿನಿಂದ ಉಜ್ಜಿ, ಸಾಬೂನಿನ ನೀರಿನಿಂದ ತೊಳೆದು ಪೂರ್ತಿ ಒಣಗಿಸಬೇಕು. ಅನಂತರ ಸಂಶಯದ ಜಾಗಗಳಿಗೆ ಸೀಮೆಸುಣ್ಣದ ಪುಡಿ ಉದುರಿಸಿ, ನಿಂತಲ್ಲಿಯೇ ಕಾಲು ಗಂಟೆ ಇಂಜಿನ್ನು ನಡೆಸಿ, ಆರಿಸಿ, ಬ್ಯಾಟರಿ ದೀಪ ಹಿಡಿದು ನೋಡಬೇಕು. ಬಿಳಿಯ ಪುಡಿಯಲ್ಲಿ ಕಪ್ಪು ಗೆರೆ ಎಲ್ಲಿ ಹುಟ್ಟಿತೋ ಅದೇ ಮೂಲ. ಏನೂ ಕಾಣದಿದ್ದರೆ ಹೇರು ಹೊತ್ತು ಗಂಗಾವತಿಯವರೆಗೆ ಹೋಗಿ ಬಂದ ಮೇಲೆ ಮತ್ತೊಮ್ಮೆ ನೋಡಬೇಕು. ಬಿಸಿಯಾದಾಗ ಮಾತ್ರ ಸೋರುವ ಜಾಗಗಳುಂಟು. ಮೇಲಿನ ಟ್ಯಾಪೆಟ್ ಕವರು, ಆಯಿಲ್ ಫಿಲ್ಟರು, ಒತ್ತಡದ ಮಾಪಕಕ್ಕೆ ಹೋಗುವ ನಳಿಕೆ, ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರಿಗೆ ಎಣ್ಣೆ ಒಯ್ಯುವ ಪೈಪು, ಮುಂದಿನ ಟೈಮಿಂಗ್ ಕವರು, ಕೆಳಗಿನ ಚೇಂಬರಿನ ಗ್ಯಾಸ್ಕೆಟ್ಟು, ಎಣ್ಣೆ ಇಳಿಸುವ ಬಿರಡೆ, ಹಿಂದಿನ ಕ್ರ್ಯಾಂಕ್ ಸೀಲು: ಇವುಗಳನ್ನು ಒಂದೊಂದಾಗಿ ನೋಡಬೇಕು.

ಹಲವು ಕಡೆ ಏಕಕಾಲಕ್ಕೆ ಸೋರತೊಡಗಿದರೆ ಗ್ಯಾಸ್ಕೆಟ್ಟುಗಳನ್ನು ದೂರುವ ಮೊದಲು 'ಬ್ರೀದರ್' ಎಂಬ ಉಸಿರುನಳಿಕೆಯನ್ನು ಬಿಚ್ಚಿ ನೋಡತಕ್ಕದ್ದು. ಪಿಸ್ಟನ್ನುಗಳ ಸಂದಿನಿಂದ ಸ್ವಲ್ಪ ಅನಿಲ ಸದಾ ಕೆಳಗಿಳಿಯುತ್ತಿರುತ್ತದೆ; ಅದು ಹೊರಹೋಗುವ ದಾರಿ ಇದು. ಧೂಳು ಮಸಿಗಳಿಂದ ದಾರಿ ಕಟ್ಟಿದರೆ ಒಳಗಿನ ಒತ್ತಡವು ಎಣ್ಣೆಯನ್ನು ಸಿಕ್ಕ ಸಿಕ್ಕ ಸಂದಿನಿಂದ ತಳ್ಳುತ್ತದೆ. ಆಗ ಹೊಸ ಗ್ಯಾಸ್ಕೆಟ್ಟು ಹಾಕಿದರೂ ಅದು ಬಹುಕಾಲ ಬಾಳದು.

ಈ ಕ್ರಮದ ಬೆಲೆ ನನಗೆ ತಿಳಿದದ್ದು ನಮ್ಮ ಮನೆಯ ಲಾರಿಯಿಂದ. ಬೇಸಿಗೆ ಬೆಳೆಯ ಸುಗ್ಗಿ ಎದುರಿಗಿತ್ತು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಗೂಡಿನ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ವಾರಕ್ಕೆ ಒಂದೂವರೆ ಲೀಟರಿನಷ್ಟು ಸುರಿಯಬೇಕಾಗುತ್ತಿತ್ತು. ಹಿಂದಿನ ಸೀಲು ಹೋಗಿದೆ, ಗೇರ್‌ಬಾಕ್ಸು ಇಳಿಸಲೇಬೇಕು ಎಂದರು ಒಬ್ಬ ಮೇಸ್ತ್ರಿ. ಸೀಲಿನ ಬೆಲೆ ಅಲ್ಪ. ಅದನ್ನು ತಲುಪುವ ಕೂಲಿಯೂ ನಿಂತ ದಿನಗಳ ಬಾಡಿಗೆಯೂ ಬಹಳ. ಅಣ್ಣನೂ ನಾನೂ ಒಂದು ಭಾನುವಾರ ಇಂಜಿನ್ನು ತೊಳೆದು ಸುಣ್ಣದ ಪುಡಿ ಹಾಕಿದೆವು. ಕಪ್ಪು ಗೆರೆ ಹುಟ್ಟಿದ್ದು ಮೇಲೆ, ಟ್ಯಾಪೆಟ್ ಕವರಿನ ಹಿಂಬದಿಯಲ್ಲಿ. ಅಲ್ಲಿಂದ ಕಣ್ಣಿಗೆ ಬೀಳದಂತೆ ಇಂಜಿನ್ನಿನ ಬೆನ್ನಮೇಲೆ ಇಳಿದು ಗೂಡಿನ ಕೆಳಗೆ ಹನಿಯುತ್ತಿತ್ತು. ಗ್ಯಾಸ್ಕೆಟ್ಟು ಬದಲಿಸಿದ ಮೇಲೆ ವಾರದ ಖರ್ಚು ಕಾಲು ಲೀಟರಿಗಿಳಿಯಿತು. ಮೇಸ್ತ್ರಿಯ ಮಾತೂ ಪೂರ್ತಿ ಸುಳ್ಳಾಗಿರಲಿಲ್ಲ; ಉಳಿದ ಕಾಲು ಲೀಟರು ಹಿಂದಿನ ಸೀಲಿನದೇ. ಆದರೆ ಅಷ್ಟರೊಡನೆ ಸುಗ್ಗಿ ಕಳೆಯಬಹುದಾಗಿತ್ತು. ಕಾಲುವೆಗೆ ನೀರು ನಿಂತು ಬಾಡಿಗೆ ಇಳಿದಾಗ, ಕ್ಲಚ್ ಪ್ಲೇಟು ಹೇಗೂ ಬದಲಿಸಬೇಕಾಗಿದ್ದುದರಿಂದ, ಗೇರ್‌ಬಾಕ್ಸನ್ನು ಒಮ್ಮೆಯೇ ಇಳಿಸಿ ಎರಡೂ ಕೆಲಸ ಮುಗಿಸಲಾಯಿತು.

ಇದರಿಂದ ತಿಳಿಯುವುದೇನೆಂದರೆ ಸೋರಿಕೆಯನ್ನು ಕಲೆಯ ಗಾತ್ರದಿಂದ ಅಳೆಯಬಾರದು. ಕಲೆ ಹೆದರಿಸುತ್ತದೆ, ಲೆಕ್ಕ ಹೇಳುವುದಿಲ್ಲ. ಒಂದು ಮಿಲಿಲೀಟರಿಗೆ ಸುಮಾರು ೨೫ ಹನಿಗಳೆಂದು ಹಿಡಿಯೋಣ. ನಿಮಿಷಕ್ಕೊಂದು ಹನಿ ಹಗಲಿರುಳು ಬಿದ್ದರೆ ದಿನಕ್ಕೆ ೧,೪೪೦ ಹನಿ, ಎಂದರೆ ೫೮ ಮಿಲಿಲೀಟರು. ತಿಂಗಳಿಗೆ ಒಂದೂಮುಕ್ಕಾಲು ಲೀಟರು. ಸೆಕೆಂಡಿಗೊಂದು ಹನಿಯಾದರೆ ಹತ್ತು ಗಂಟೆಯ ಓಟದಲ್ಲಿಯೇ ಸುಮಾರು ಒಂದೂವರೆ ಲೀಟರು. ಮೊದಲನೆಯದು ಖರ್ಚು, ಎರಡನೆಯದು ಅಪಾಯ. ಇವೆರಡರ ಭೇದವನ್ನು ತೋರಿಸುವುದು ಅಳತೆಗೋಲು ಮತ್ತು ಒಂದು ನೋಟುಬುಕ್ಕು. ದಿನವೂ ಬೆಳಿಗ್ಗೆ ಸಮನೆಲದ ಮೇಲೆ, ಇಂಜಿನ್ನು ಚಾಲೂ ಮಾಡುವ ಮೊದಲು ಗೋಲನ್ನು ಒರೆಸಿ ಅದ್ದಿ ನೋಡಬೇಕು. ಓಡಿದ ಕಿಲೋಮೀಟರನ್ನೂ ಸುರಿದ ಎಣ್ಣೆಯನ್ನೂ ಬರೆದಿಡಬೇಕು. ಖರ್ಚು ಒಂದೇ ಸಮನಾಗಿದ್ದರೆ ಕಾಯಬಹುದು; ವಾರದಿಂದ ವಾರಕ್ಕೆ ಏರುತ್ತಿದ್ದರೆ ಕಾಯಬಾರದು.

ಯಾವ ಲೆಕ್ಕಕ್ಕೂ ಕಾಯದ ಸೋರಿಕೆಗಳೂ ಇವೆ. ಕೆಂಪಗೆ ಕಾಯುವ ಹೊಗೆನಳಿಕೆಯ ಅಥವಾ ಟರ್ಬೋದ ಮೇಲೆ ಎಣ್ಣೆ ಬಿದ್ದರೆ ಬೆಂಕಿ ಹತ್ತಬಹುದು. ಕ್ಲಚ್ಚಿಗೆ ತಗುಲಿದರೆ ಹೇರು ಹೊತ್ತ ಲಾರಿ ಏರಿನಲ್ಲಿ ಜಾರುತ್ತದೆ. ರೇಡಿಯೇಟರಿನ ನೀರಿನಲ್ಲಿ ಎಣ್ಣೆ ತೇಲಿದರೆ, ಅಥವಾ ಎಣ್ಣೆಯು ಹಾಲು ಬೆರೆತಂತಾದರೆ, ತೊಂದರೆ ಒಳಗಿನದು. ಒತ್ತಡದ ಮುಳ್ಳು ಬಿದ್ದರಂತೂ ಇದ್ದಲ್ಲಿಯೇ ನಿಲ್ಲಿಸತಕ್ಕದ್ದು. ಇನ್ನೊಂದು ಮೈಲಿ ಹೋಗಿ ಊರು ಮುಟ್ಟೋಣವೆಂಬ ಆಸೆಯೇ ಬೇರಿಂಗುಗಳನ್ನು ತಿನ್ನುತ್ತದೆ.

ಸೋರಿಕೆಯೊಡನೆ ಬಾಳುವವರು ಕೆಲವು ಸಂಗತಿಗಳನ್ನು ನೆನಪಿಡಬೇಕು. ಕಡಿಮೆಯಾಗುವುದಲ್ಲಾ ಎಂದು ಗುರುತಿಗಿಂತ ಮೇಲೆ ಎಣ್ಣೆ ತುಂಬಬಾರದು. ಕ್ರ್ಯಾಂಕು ಅದನ್ನು ಕಡೆದು ನೊರೆ ಎಬ್ಬಿಸಿ ಸೋರಿಕೆಯನ್ನೇ ಹೆಚ್ಚಿಸುತ್ತದೆ. ಬೋಲ್ಟುಗಳನ್ನು ಬಲವಾಗಿ ಬಿಗಿದರೆ ತಗಡಿನ ಕವರು ಬಾಗಿ ಗ್ಯಾಸ್ಕೆಟ್ಟು ಹಿಂಡಿಹೋಗುತ್ತದೆ. ತಯಾರಕರು ಹೇಳಿದ ದರ್ಜೆಯನ್ನು ಬಿಟ್ಟು ಮಂದವಾದ ಎಣ್ಣೆ ಹಾಕಿದರೆ ಹನಿ ನಿಧಾನವಾದೀತು, ಆದರೆ ಬೆಳಗಿನ ತಂಪಿನಲ್ಲಿ ಅದು ಮೇಲಿನ ಭಾಗಗಳನ್ನು ತಡವಾಗಿ ಮುಟ್ಟುತ್ತದೆ. ಹನಿಯುವ ಜಾಗದ ಕೆಳಗೆ ತಟ್ಟೆ ಇಡಬೇಕು. ತುಂಬಿದ್ದನ್ನು ಕಾಲುವೆಗೆ ಸುರಿಯಬಾರದು. ೨೦೧೬ರ ನಿಯಮಗಳಲ್ಲಿ ಬಳಸಿದ ಎಣ್ಣೆಯು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿತವಾಗಿದೆ. ಯಾವ ನೀರು ಭತ್ತ ಬೆಳೆದು ಲಾರಿಗೆ ಬಾಡಿಗೆ ಕೊಡುತ್ತದೆಯೋ ಆ ನೀರಿಗೆ ವಿಷ ಬೆರೆಸುವುದು ಉಣ್ಣುವ ತಟ್ಟೆಗೆ ಮಣ್ಣು ಹಾಕಿದಂತೆ.

೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋದಾಗ, ಒಂದು ವಾರ ನಮ್ಮ ಸೀಮೆಯವರೆಲ್ಲ ಒಂದು ಹಳೆಯ ಯಂತ್ರದ ಮೇಲೆ ತಮ್ಮ ಅನ್ನ ಎಷ್ಟು ನಿಂತಿದೆಯೆಂದು ಕಂಡೆವು. ಹಳೆಯದು ಎಂಬುದು ದೋಷವಲ್ಲ. ಲಾರಿಯಾಗಲಿ ಅಣೆಕಟ್ಟಾಗಲಿ, ಹಳೆಯದರೊಡನೆ ಬಾಳುವವನು ದಿನವೂ ನೋಡಬೇಕು, ಅಳೆಯಬೇಕು, ಬರೆದಿಡಬೇಕು. ಮಿತ್ರರೆ, ನಿಮ್ಮ ಓಣಿಯಲ್ಲಿ ಯಾರಾದರೂ ಬೆಳಿಗ್ಗೆ ಲಾರಿಯ ಕೆಳಗೆ ಮಲಗಿ ದೀಪ ಹಿಡಿದು ನೋಡುತ್ತಿದ್ದರೆ, ಅವರೂ ನಮ್ಮಂತೆಯೇ ಅಭ್ಯಾಸನಿರತರೆಂದು ತಿಳಿಯಿರಿ.