ಡಬ್ಬಿ ಹಿಂದಿನ ಸಣ್ಣಕ್ಷರ

ಗಜೇಂದ್ರಗಡದ ನನ್ನ ಝೆರಾಕ್ಸ್ ಅಂಗಡಿಗೆ ಬರದ ಕಾಗದವಿಲ್ಲ. ಪಹಣಿ, ಜಾತಿ ಪ್ರಮಾಣಪತ್ರ, ಬೆಳೆವಿಮೆ ಅರ್ಜಿ, ಸೀರೆ ವ್ಯಾಪಾರದವರ ಬಿಲ್ಲು, ಲಗ್ನಪತ್ರಿಕೆ. ಆದರೆ ವಿಡಿಯೋ ಗೇಮಿನ ಡಬ್ಬಿ ತಂದು ಟೇಬಲ್ ಮೇಲಿಟ್ಟವನು ನರಗುಂದದ ನನ್ನ ಗೆಳೆಯ ಒಬ್ಬನೇ. ಬಸ್ ನಿಲ್ದಾಣದ ಹತ್ತಿರ ಗೇಮ್ ಸೆಂಟರ್ ಹಾಕಬೇಕೆಂಬುದು ಅವನ ಆಸೆ. ಎರಡು ಪ್ಲೇಸ್ಟೇಷನ್, ಎರಡು ಟಿವಿ, ತಾಸಿಗೆ ಇಷ್ಟು ಅಂತ ದರ. ರೊಕ್ಕ ಕೊಡಬೇಕಿದ್ದ ಅವನ ಮಾವ, "ಲೈಸನ್ಸು ಗೀಸನ್ಸು ಏನರ ಬೇಕೇನ, ಮೊದಲ ಕೇಳ್ಕೊಂಡ ಬಾ" ಅಂದಿದ್ದರಂತೆ. ಮಾವನವರ ತಲೆಯಲ್ಲಿದ್ದದ್ದು ಪುರಸಭೆಯ ಲೈಸನ್ಸು. ನನ್ನ ಕಣ್ಣು ಹೋದದ್ದು ಡಬ್ಬಿಯ ಹಿಂಬದಿಗೆ.

ಅಲ್ಲಿನ ಅಕ್ಷರ ಇರುವೆ ಸಾಲಿನಷ್ಟು ಸಣ್ಣವು. ಮಷಿನ್ ಮೇಲೆ ಬೋರಲು ಹಾಕಿ, ಹಿಗ್ಗಿಸಿ ಎ-3 ಹಾಳೆಗೆ ತೆಗೆದೆ. ಆಗ ಓದಲು ಬಂತು: ಮನೆಬಳಕೆಗೆ ಮಾತ್ರ. ನಕಲು ಮಾಡುವುದು, ಬಾಡಿಗೆಗೆ ಕೊಡುವುದು, ಎರವಲು ಕೊಡುವುದು, ಮತ್ತೊಬ್ಬರಿಗೆ ಮಾರುವುದು, ದುಡ್ಡು ಇಸಿದುಕೊಂಡು ಆಡಿಸುವುದು, ನಾಲ್ಕು ಜನರೆದುರು ಪ್ರದರ್ಶಿಸುವುದು, ಅನುಮತಿಯಿಲ್ಲದೆ ಇದ್ಯಾವುದೂ ನಡೆಯುವುದಿಲ್ಲ. ಗೆಳೆಯ ಏನು ಮಾಡಬೇಕೆಂದಿದ್ದನೋ ಅದರ ಪಟ್ಟಿಯನ್ನೇ ಯಾರೋ ಮೊದಲೇ ಬರೆದಿಟ್ಟಂತಿತ್ತು.

"ಡಿಸ್ಕ್ ನಂದು, ರೊಕ್ಕಾ ನಂದು, ಟಿವಿ ನಂದು. ಆಡೋರು ನಮ್ಮೂರ ಹುಡುಗ್ರು. ನಡುವ ಇವ್ರು ಯಾರೋ?" ಅಂದ. ಸಾಲದ್ದಕ್ಕೆ ಭೀಮಸೇನ ಜೋಶಿಯವರನ್ನೂ ಸಾಕ್ಷಿಗೆ ಕರೆದ. ರೋಣದಲ್ಲಿ ಹುಟ್ಟಿದ ಆ ಹುಡುಗ ಗದಗಿನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಸಂಗೀತದ ಹುಚ್ಚು ಹಿಡಿಸಿಕೊಂಡ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. "ಅಂಗಡ್ಯಾಂವ ಲೈಸನ್ಸ್ ನೋಡ್ಕೋತ ಕುಂತಿದ್ರ ಭೀಮಸೇನ ಜೋಶಿ ಆಗ್ತಿದ್ರೇನು?" ಮಾತು ಚೆಂದವಿತ್ತು. ಈಗ ಅಂಗಡಿ, ಹೋಟೆಲಿನಲ್ಲಿ ಧ್ವನಿಮುದ್ರಿಕೆ ಹಾಕುವುದಕ್ಕೂ ಪರವಾನಗಿ ಕೇಳುತ್ತಾರೆ ಅಂದೆ. ಸುಮ್ಮನಾದ.

ನನಗೂ ಒಂದು ಪ್ರಶ್ನೆ ಕೊರೆಯುತ್ತಿತ್ತು. ನನ್ನ ಅಂಗಡಿಯಲ್ಲೂ ಕಂಪ್ಯೂಟರನ್ನು ತಾಸಿನ ಲೆಕ್ಕದಲ್ಲಿ ಕೊಡುತ್ತೇನೆ. ಹಾಗಾದರೆ ನನಗೂ ಅವನಿಗೂ ವ್ಯತ್ಯಾಸವೇನು? ಉತ್ತರ ನಮ್ಮದೇ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿದೆ. ಕಂಪ್ಯೂಟರ್ ಪ್ರೋಗ್ರಾಮನ್ನು ವ್ಯಾಪಾರಕ್ಕಾಗಿ ಬಾಡಿಗೆಗೆ ಕೊಡುವ ಹಕ್ಕು ಅದರ ಒಡೆಯನದು ಅನ್ನುತ್ತದೆ 14ನೇ ಕಲಮು. 1999ರ ತಿದ್ದುಪಡಿ ಅದಕ್ಕೊಂದು ವಿನಾಯಿತಿ ಸೇರಿಸಿತು: ಬಾಡಿಗೆಯ ಮುಖ್ಯ ವಸ್ತು ಆ ಪ್ರೋಗ್ರಾಮೇ ಅಲ್ಲದಿದ್ದರೆ ಈ ಮಾತು ಅನ್ವಯಿಸದು. ನನ್ನಲ್ಲಿಗೆ ಬರುವವನಿಗೆ ಅರ್ಜಿ ತುಂಬಬೇಕು. ಅದಕ್ಕೊಂದು ಕಂಪ್ಯೂಟರ್ ಬೇಕು. ಗೇಮ್ ಸೆಂಟರಿಗೆ ಟಿವಿ ನೋಡಲು ಯಾರೂ ಬರುವುದಿಲ್ಲ. ಅಲ್ಲಿ ಆಟವೇ ಮುಖ್ಯ ವಸ್ತು. ಅಂಗಡಿಯಲ್ಲೇ ಕೂತು ಆಡುವುದು 'ಬಾಡಿಗೆ' ಹೇಗಾಯಿತು ಅಂತ ವಕೀಲರು ವಾದ ಹೂಡಬಹುದು, ಹೂಡಲಿ. ಆದರೆ ಆಟ ಶುರುವಾಗುವ ಮೊದಲು 'ಒಪ್ಪಿದೆ' ಅಂತ ಒತ್ತಿರುತ್ತೇವಲ್ಲ, ಆ ಕರಾರು ಬೇರೆಯೇ ಇದೆ. ಅದರಲ್ಲೂ ಸ್ವಂತಕ್ಕೆ ಮಾತ್ರ, ವ್ಯಾಪಾರಕ್ಕಲ್ಲ ಅಂತಲೇ ಇರುತ್ತದೆ.

ಎಲ್ಲ ದೇಶದಲ್ಲೂ ಹೀಗೇ ಇಲ್ಲ. ಅಮೆರಿಕದಲ್ಲಿ 1990ರ ಕಾಯ್ದೆ ಕಂಪ್ಯೂಟರ್ ಸಾಫ್ಟ್‌ವೇರ್ ಬಾಡಿಗೆಗೆ ತಡೆ ಹಾಕಿದರೂ ಟಿವಿಗೆ ಜೋಡಿಸಿ ಆಡುವ ಗೇಮುಗಳನ್ನು ಬಿಟ್ಟಿತು. ಅದಕ್ಕೂ ಮೊದಲು, 1989ರಲ್ಲಿ, ಬಾಡಿಗೆ ವ್ಯಾಪಾರವನ್ನೇ ನಿಲ್ಲಿಸಲಾಗದ ನಿಂಟೆಂಡೋ ಕಂಪನಿ ಬಾಡಿಗೆ ಅಂಗಡಿಗಳ ಬ್ಲಾಕ್‌ಬಸ್ಟರ್ ಕಂಪನಿಯ ಮೇಲೆ ದಾವೆ ಹೂಡಿದ್ದು ಯಾತಕ್ಕೆ ಗೊತ್ತೇ? ಗೇಮಿನ ಜೊತೆಗಿನ ಕೈಪಿಡಿಯನ್ನು ಝೆರಾಕ್ಸ್ ಮಾಡಿ ಕೊಡುತ್ತಿದ್ದಾರೆ ಅಂತ! ನಮ್ಮ ಕಸುಬಿನವರು ಗೋಡೆಗೆ ಅಂಟಿಸಿಕೊಳ್ಳಬೇಕಾದ ಖಟ್ಲೆ ಇದು.

ಗೆಳೆಯ ಅಷ್ಟಕ್ಕೆ ಬಿಡಲಿಲ್ಲ. ಹುಬ್ಬಳ್ಳಿಯಲ್ಲಿ ಒಬ್ಬರು 'ಫುಲ್ ಲೋಡ್' ಮಷಿನ್ ತೋರಿಸಿದ್ದರಂತೆ. ಬೀಗ ಮುರಿದದ್ದು, ಒಳಗೆ ಹತ್ತಾರು ಗೇಮು ಮೊದಲೇ ತುಂಬಿದ್ದು, ಡಿಸ್ಕಿನ ಗೊಡವೆಯೇ ಇಲ್ಲ. ಪ್ಲೇಸ್ಟೇಷನ್ನಿಗೆ ಹೀಗೆ ಕೈಹಾಕುತ್ತಿದ್ದವರ ವಿರುದ್ಧ 2012ರಲ್ಲೇ ದಿಲ್ಲಿ ಹೈಕೋರ್ಟಿನಿಂದ ತಡೆಯಾಜ್ಞೆ ಬಂದಿದೆ. ಇನ್ನು ಅದೇ ಕೃತಿಸ್ವಾಮ್ಯ ಕಾಯ್ದೆಯ 63-ಬಿ ಕಲಮು: ಕಳ್ಳಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನಕ್ಕೆ ಕಡಿಮೆಯಿಲ್ಲದ, 3 ವರ್ಷದವರೆಗಿನ ಸೆರೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಬಳಸಿರದಿದ್ದರೆ ಮಾತ್ರ ನ್ಯಾಯಾಲಯ ಸೆರೆ ಬಿಟ್ಟು ದಂಡಕ್ಕೆ ನಿಲ್ಲಿಸಬಹುದು. ಅಂಗಡಿ ಬೋರ್ಡು ಹಾಕಿದವನಿಗೆ ಆ ರಿಯಾಯಿತಿ ಇಲ್ಲ.

ಇದೆಲ್ಲ ಗೊತ್ತಾದ ಮೇಲೂ 'ಕ್ರಿಕೆಟ್ 07' ಗೇಮನ್ನು ಕಾಪಿ ಮಾಡಿಕೊಳ್ಳುವ ಹುಡುಗರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಇಎ ಸ್ಪೋರ್ಟ್ಸ್ ಅದರ ಮುಂದಿನದನ್ನು ಮಾಡಲೇ ಇಲ್ಲ, ಹೊಸ ಪ್ರತಿ ಯಾವ ಅಂಗಡಿಯಲ್ಲೂ ಸಿಗದು. ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ದಾಟುತ್ತ, ಯಾರೋ ಕೂಡಿಸಿದ ಐಪಿಎಲ್ ಜೆರ್ಸಿ ತೊಟ್ಟು ಇಂದಿಗೂ ಬದುಕಿದೆ. ಮಾರುವುದು ಬಿಟ್ಟರೆಂದು ಹಕ್ಕು ಹೋಗುವುದಿಲ್ಲ ಅನ್ನುತ್ತದೆ ಕಾನೂನು. ದುಡ್ಡು ಕೊಡುತ್ತೇನೆ ಅಂದರೂ ಇಸಿದುಕೊಳ್ಳುವವರಿಲ್ಲದ ವಸ್ತುವಿಗೆ ಬೇಲಿ ಯಾಕೆ ಬೇಕು ಅನ್ನುತ್ತೇನೆ ನಾನು. ಆದರೂ ಅದನ್ನು ನನ್ನ ಅಂಗಡಿಯಲ್ಲಿ ಕಾಪಿ ಮಾಡಿಕೊಡುವುದಿಲ್ಲ.

ರೋಣದ ನಮ್ಮ ಚಿಕ್ಕಪ್ಪನ ಮಗನದು ಬೇರೆ ಪ್ರಕರಣ. ಬಿಜಿಎಂಐ ಅನ್ನುವ ಬಂದೂಕಿನ ಮೊಬೈಲ್ ಗೇಮಿನ ಟೂರ್ನಮೆಂಟಿಗೆ ಪೋಸ್ಟರ್ ಹಾಕಿಸಲು ಬಂದಿದ್ದ. ತಂಡಕ್ಕೆ ಪ್ರವೇಶ ಶುಲ್ಕ, ಗೆದ್ದವರಿಗೆ ಅದೇ ಗಂಟಿನಿಂದ ನಗದು. ಇಲ್ಲಿ ಕಂಪನಿಯ ಅನುಮತಿಯೊಂದೇ ಅಲ್ಲ, ಸರಕಾರವೂ ನಡುವೆ ಬರುತ್ತದೆ. ದುಡ್ಡು ಹೂಡುವ ಆನ್‌ಲೈನ್ ಆಟಗಳ ಮೇಲೆ ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಕೇಂದ್ರವೇ ಕಾಯ್ದೆ ತಂದು, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟ ಅದೃಷ್ಟದ್ದಿರಲಿ ಕೌಶಲದ್ದಿರಲಿ, ಎರಡಕ್ಕೂ ಬಾಗಿಲು ಹಾಕಿತು. ನೋಂದಣಿಯಾದ ಇ-ಸ್ಪೋರ್ಟ್ಸಿಗೆ ದಾರಿಯಿದೆ. ನಾಲ್ಕು ಗೆಳೆಯರು ಕೂಡಿ ಎತ್ತುವ ಗಂಟಿಗಿಲ್ಲ. "ಹಂಗಾರ ವಾಲಿಬಾಲ್ ಅಂತ ಬರೀ ಅಣ್ಣಾ" ಅಂದ. ಅದೇ ಪೋಸ್ಟರಿನಲ್ಲಿ ಬಂದೂಕು ತೆಗೆದು ಚೆಂಡು ಕೂಡಿಸಿದೆ.

ಗೆಳೆಯನ ಗೇಮ್ ಸೆಂಟರಿಗೆ ಕಡೆಗೆ ದಾರಿ ಸಿಕ್ಕಿತು. ಗೇಮು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಇಂಥ ಕೆಫೆಗಳಿಗೆಂದೇ ಬೇರೆ ಯೋಜನೆ ಇಟ್ಟಿದೆ. ಅಂಗಡಿಯವನು ತನ್ನ ಮನೆಯ ಖಾತೆ ತಂದು ಗಿರಾಕಿಗಳಿಗೆ ತೆರೆದುಕೊಡುವಂತಿಲ್ಲ. ಅದರ ಲೆಕ್ಕ ನರಗುಂದದ ತಾಸಿನ ದರಕ್ಕೆ ಕೂಡಿಬರಲಿಲ್ಲ. ಹಾಗಾಗಿ ಹಳೇ ಕಂಪ್ಯೂಟರುಗಳಿಗೆ 'ಸೂಪರ್‌ಟಕ್ಸ್‌ಕಾರ್ಟ್' ಮತ್ತು '0 ಎ.ಡಿ.' ಹಾಕಿಕೊಟ್ಟೆ. ಇವುಗಳ ಪ್ರೋಗ್ರಾಮಿಗಿರುವ ಜಿಪಿಎಲ್ ಲೈಸನ್ಸು, ಸಂಗೀತ-ಚಿತ್ರಗಳಿಗಿರುವ ಬೇರೆ ಲೈಸನ್ಸು, ಎರಡೂ ಹಂಚಲೂ ಬಿಡುತ್ತವೆ, ಗಳಿಸಲೂ ಬಿಡುತ್ತವೆ. ಪುಕ್ಕಟೆ ಸಿಗುವ ಎಲ್ಲ ಗೇಮೂ ಹಾಗಲ್ಲ. ಸಂಗೀತ-ಚಿತ್ರಗಳ ಲೈಸನ್ಸಿನಲ್ಲಿ ವ್ಯಾಪಾರಕ್ಕಲ್ಲ ಅಂತ ಬರೆದಿತ್ತೆಂದೇ ಎರಡು ಗೇಮುಗಳನ್ನು ಹಾಕದೆ ಬಿಟ್ಟೆವು.

ದೊಡ್ಡ ಹುಡುಗರು ಬಂದು, ಜಿಟಿಎ ಇಲ್ಲವೆಂದು ಮುಖ ಸಿಂಡರಿಸಿ ಹೋಗುತ್ತಾರೆ. ಸಣ್ಣವರಿಗೆ '0 ಎ.ಡಿ.'ಯ ಮೌರ್ಯರ ಆನೆಪಡೆ ಹಿಡಿಸಿದೆ. ಪ್ಲೇಸ್ಟೇಷನ್ ಗೆಳೆಯನ ಮನೆಯಲ್ಲಿದೆ, ಈಗ ಮಾವನವರೇ ಆಡುತ್ತಾರಂತೆ. "ಗಳಿಕಿ ಹೆಂಗೈತಿ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆ. "ಕರೆಂಟ್ ಬಿಲ್ ಹೊಂಟೈತಿ, ಬಾಡಗಿ ಹೊಂಟೈತಿ. ಉಳದಿದ್ದು ಮಾವಗ ಹೇಳಬ್ಯಾಡ" ಅಂದ.