ನಸುಕಿನ ವಾಕಿಂಗ್‌ಗೆ ಅವಸರ ಬೇಡ

ಮಳೆಗಾಲದಲ್ಲಿ ಮಂಗಳೂರಿನ ಗಾಳಿಯ ಚಿಂತೆ ಕಡಿಮೆ. ಧೂಳನ್ನು ಮಳೆಯೇ ತೊಳೆದು ಹಾಕುತ್ತದೆ. ಎಚ್ಚರ ಬೇಕಾದದ್ದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ. ರಾತ್ರಿ ನೆಲ ತಣ್ಣಗಾದಾಗ ಮೇಲಿನ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕೂರುತ್ತದೆ. ಪಣಂಬೂರು, ಬೈಕಂಪಾಡಿ ಕಡೆಯ ಕಾರ್ಖಾನೆ, ಲಾರಿಗಳ ಹೊಗೆ ಕೆಳಗೇ ಉಳಿಯುತ್ತದೆ. ಬಿಸಿಲೇರಿ ಕಡಲಗಾಳಿ ಬೀಸತೊಡಗಿದ ಮೇಲೆಯೇ ಅದು ಚೆನ್ನಾಗಿ ಚದುರುವುದು. ಹಾಗಾಗಿ ಆಸ್ತಮಾ ಇರುವವರು, ವಯಸ್ಸಾದವರು ಈ ತಿಂಗಳುಗಳಲ್ಲಿ ನಸುಕಿನ ವಾಕಿಂಗ್ ಬಿಟ್ಟು ಸಂಜೆ, ಕತ್ತಲಾಗುವ ಮುಂಚೆ ಹೊರಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ವಾಯು ಗುಣಮಟ್ಟ ಸೂಚ್ಯಂಕ 100 ದಾಟಿದ್ದರೆ ಓಟ ಬೇಡ.

ಇನ್ನೊಂದು ಮಾತು, ಇದು ನಮ್ಮ ಕೈಯಲ್ಲೇ ಇರುವಂಥದ್ದು. ಅಂಗಳ ಗುಡಿಸಿದ ತರಗೆಲೆಯ ರಾಶಿಗೆ, ಒಳಗಿರುವ ಹಾಲಿನ ಪ್ಯಾಕೆಟ್ ಸಮೇತ, ಬೆಳಬೆಳಗ್ಗೆ ಬೆಂಕಿ ಹಚ್ಚುತ್ತೇವೆ. ಆ ಹೊಗೆ ಪಕ್ಕದ ಮನೆಯ ಮಗುವಿನ ಎದೆಗೇ ಹೋಗುತ್ತದೆ. ದಯವಿಟ್ಟು ಪ್ಲಾಸ್ಟಿಕ್ ಹೆಕ್ಕಿ ತೆಗೆದು, ಎಲೆಯನ್ನು ತೆಂಗಿನ ಬುಡಕ್ಕೆ ಹಾಕಿ.