ಸೈರನ್ ಕೂಗಿದ ಮಾತ್ರಕ್ಕೆ ಹೊಣೆ ತಪ್ಪದು

ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸಿನ ಸರ್ಕಾರಿ ಶಾಲೆಗಳಿಗೆ ತಮ್ಮದೇ ಪೊಲೀಸ್ ಪಡೆ ಇದೆ. ಅದು ನಗರ ಪೊಲೀಸರ ಶಾಖೆಯಲ್ಲ, ಕೌಂಟಿ ಶೆರಿಫರ ಕೈಕೆಳಗೂ ಬರುವುದಿಲ್ಲ. ನೇಮಕ, ಸಂಬಳ, ಗಾಡಿ ಎಲ್ಲವೂ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಯಾದ ಶಾಲಾ ಡಿಸ್ಟ್ರಿಕ್ಟಿನದು. 1948ರಲ್ಲಿ ಭದ್ರತಾ ವಿಭಾಗವಾಗಿ ಹುಟ್ಟಿದ್ದು ಬೆಳೆದು ಪೂರ್ಣ ಪ್ರಮಾಣದ ಇಲಾಖೆಯಾಯಿತು. ಸ್ಯಾನ್ ಡಿಯಾಗೊ, ಸ್ಟಾಕ್ಟನ್, ಫಾಂಟಾನಾ ಶಾಲಾ ಡಿಸ್ಟ್ರಿಕ್ಟುಗಳಲ್ಲೂ ಇಂಥ ಪಡೆಗಳಿವೆ. ಈ ಏರ್ಪಾಡು ಎಲ್ಲರಿಗೂ ಒಪ್ಪಿಗೆಯಾಗಿಲ್ಲ. ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ನಂತರ, 2020ರಲ್ಲಿ, ಓಕ್ಲೆಂಡ್ ತನ್ನ ಶಾಲಾ ಪೊಲೀಸ್ ಇಲಾಖೆಯನ್ನೇ ಮುಚ್ಚಿತು. ಲಾಸ್ ಏಂಜಲೀಸಿನ ಶಾಲಾ ಮಂಡಳಿ ಪಡೆಯ ಬಜೆಟ್ಟಿಗೆ ಶೇ. 35ರಷ್ಟು ಕತ್ತರಿ ಹಾಕಿತು. ಪಡೆ ಉಳಿದಿರುವ ಊರುಗಳಲ್ಲಿ ಅದರ ಗಸ್ತು ಕಾರುಗಳು ಸುತ್ತುವುದು ಶಾಲೆಯ ಆಸುಪಾಸಿನ ಬೀದಿಗಳಲ್ಲೇ, ಮಕ್ಕಳು ರಸ್ತೆ ದಾಟುವ ಜಾಗಗಳಲ್ಲೇ.

ಅಂಥ ಕಾರೊಂದು ಯಾರಿಗಾದರೂ ಗುದ್ದಿದರೆ?

ಸರ್ಕಾರದ ಗಾಡಿ ಗುದ್ದಿದರೆ ಕೇಳುವವರು ಯಾರೂ ಇಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಕಾನೂನು ಹಾಗೆ ಹೇಳುವುದಿಲ್ಲ. ಉದಯಪುರದಲ್ಲಿ 1952ರಲ್ಲಿ ರಿಪೇರಿ ಮುಗಿಸಿಕೊಂಡು ಬರುತ್ತಿದ್ದ ಕಲೆಕ್ಟರರ ಜೀಪು ಪಾದಚಾರಿಯೊಬ್ಬರಿಗೆ ಬಡಿದು ಅವರು ತೀರಿಕೊಂಡಾಗ, ರಾಜಸ್ಥಾನ ಸರ್ಕಾರ ಪರಿಹಾರ ಕೊಡಲೇಬೇಕೆಂದು ನಮ್ಮ ಸುಪ್ರೀಂ ಕೋರ್ಟು 1962ರಲ್ಲೇ ತೀರ್ಪಿತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ ಇದೇ ಮಾತು ವಾಹನ ಸಂಹಿತೆಯ 17001ನೇ ಕಲಮಿನಲ್ಲಿದೆ: ಸರ್ಕಾರಿ ನೌಕರ ಕೆಲಸದ ಮೇಲಿದ್ದಾಗ ಗಾಡಿ ಓಡಿಸಿ ತಪ್ಪು ಮಾಡಿದರೆ ಅವನನ್ನು ನೇಮಿಸಿದ ಸಂಸ್ಥೆ ಹೊಣೆ. ಶಾಲಾ ಪೊಲೀಸರ ಮಟ್ಟಿಗೆ ಆ ಸಂಸ್ಥೆ ಶಾಲಾ ಡಿಸ್ಟ್ರಿಕ್ಟ್. ತುರ್ತು ಕರೆಗೆ ಓಡುವಾಗಲೋ ಆರೋಪಿಯನ್ನು ಬೆನ್ನಟ್ಟುವಾಗಲೋ ಅಪಘಾತವಾದರೆ ಚಾಲಕ ಅಧಿಕಾರಿಯಿಂದ ವೈಯಕ್ತಿಕವಾಗಿ ಪರಿಹಾರ ಕೇಳುವಂತಿಲ್ಲ. ಕೇಳಬೇಕಾದದ್ದು ಡಿಸ್ಟ್ರಿಕ್ಟನ್ನು.

ಇನ್ನು ಸೈರನ್ನಿನ ವಿಷಯ. ಪೊಲೀಸ್ ಕಾರು ಸಿಗ್ನಲ್ ದಾಟಬಹುದು, ವೇಗದ ಮಿತಿ ಮೀರಬಹುದು ಎಂಬುದು ನಿಜ, ಆದರೆ 21055ನೇ ಕಲಂ ಅದಕ್ಕೆ ಷರತ್ತು ಹಾಕಿದೆ. ತುರ್ತು ಕರೆಗೆ ಹೋಗುತ್ತಿರಬೇಕು ಅಥವಾ ಯಾರನ್ನಾದರೂ ಬೆನ್ನಟ್ಟುತ್ತಿರಬೇಕು. ಎದುರಿನಿಂದ ಕಾಣುವಂತೆ ಕೆಂಪು ದೀಪ ಉರಿಯುತ್ತಿರಬೇಕು. ಅಗತ್ಯವಿದ್ದಷ್ಟು ಸೈರನ್ ಕೂಗಿಸಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ರಿಯಾಯಿತಿ ಸಿಗದು. ಆಗ ಪೊಲೀಸ್ ಕಾರು ಹಾಲಿನ ವ್ಯಾನಿಗಿಂತ ಹೆಚ್ಚಿನದೇನಲ್ಲ. ಎಲ್ಲ ಷರತ್ತೂ ಪೂರೈಸಿದ್ದರೂ ಮುಂದಿನ 21056ನೇ ಕಲಂ ಎಲ್ಲರ ಸುರಕ್ಷತೆಯ ಮೇಲೆ ಗಮನವಿಟ್ಟೇ ಓಡಿಸಬೇಕು ಎಂದು ಕಟ್ಟಿಹಾಕುತ್ತದೆ. ಗಂಟೆಗೆ 25 ಮೈಲಿ ಮಿತಿಯ ಶಾಲಾ ವಲಯದಲ್ಲಿ, ಬೆಲ್ ಹೊಡೆದು ಮಕ್ಕಳು ಹೊರಬೀಳುತ್ತಿರುವ ಹೊತ್ತಿನಲ್ಲಿ, ಜಗಳ ಬಿಡಿಸಲು ಹೊರಟ ಕಾರು ಎಷ್ಟು ವೇಗದಲ್ಲಿ ಹೋಗಬಹುದು? ಇದಕ್ಕೆ ಅಂಕಿಯ ಉತ್ತರವಿಲ್ಲ. ಆ ಕ್ಷಣದಲ್ಲಿ ಆ ವೇಗ ಬೇಕಿತ್ತೇ ಎಂದು ನ್ಯಾಯಾಲಯ ತೂಗಿ ನೋಡುತ್ತದೆ.

ರಸ್ತೆಯಲ್ಲಿರುವ ಮಿಕ್ಕವರಿಗೂ ಕರ್ತವ್ಯವಿದೆ. ಕೆಂಪು ದೀಪ, ಸೈರನ್ ಎರಡೂ ಇರುವ ಗಾಡಿ ಹತ್ತಿರ ಬಂದರೆ ಬಲ ಅಂಚಿಗೆ ಸರಿದು ಪೂರ್ತಿ ನಿಲ್ಲಬೇಕು. ನಾಲ್ಕು ರಸ್ತೆ ಕೂಡುವ ಜಾಗದ ನಡುವೆ ಮಾತ್ರ ನಿಲ್ಲಕೂಡದು. ದಾರಿ ಸಿಕ್ಕಿತೆಂದು ಅದರ ಬಾಲ ಹಿಡಿದು ಹೋಗುವ ಚಾಳಿ ಬೆಂಗಳೂರಿನ ಆಂಬುಲೆನ್ಸುಗಳ ಹಿಂದೆ ದಿನವೂ ಕಾಣುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 300 ಅಡಿಯೊಳಗೆ ಹಿಂಬಾಲಿಸುವುದೇ ಅಪರಾಧ. ದಾರಿ ಬಿಡದವರಿಗೆ ನಮ್ಮ ಮೋಟಾರು ವಾಹನ ಕಾಯ್ದೆಯಲ್ಲೂ 2019ರ ತಿದ್ದುಪಡಿಯ ನಂತರ 10,000 ರೂಪಾಯಿ ದಂಡವಿದೆ. ಕಟ್ಟಿದವರು ಎಷ್ಟು ಜನರೋ!

ಬೆನ್ನಟ್ಟುವಿಕೆಯದು ಬೇರೆಯೇ ಕಥೆ. ಪೊಲೀಸರಿಂದ ತಪ್ಪಿಸಿಕೊಳ್ಳಲು ಹೊರಟವನ ಕಾರು ಮೂರನೆಯವರಿಗೆ ಗುದ್ದಿದರೆ, ಇಲಾಖೆಗೆ 17004.7ನೇ ಕಲಮಿನಡಿ ರಕ್ಷಣೆ ಸಿಗಬಹುದು. ಅದಕ್ಕಾಗಿ ಇಲಾಖೆ ಬೆನ್ನಟ್ಟುವ ನೀತಿಯೊಂದನ್ನು ಬರೆದು ಅಂಗೀಕರಿಸಿರಬೇಕು, ಅಧಿಕಾರಿಗಳಿಗೆ ವರ್ಷವರ್ಷವೂ ತರಬೇತಿ ಕೊಟ್ಟಿರಬೇಕು, ಓದಿ ತಿಳಿದೆವೆಂದು ಅವರಿಂದ ಸಹಿ ಪಡೆಯುವ ಕಟ್ಟುನಿಟ್ಟು ಇರಬೇಕು. 2015ರಲ್ಲಿ ಗಾರ್ಡೀನಾ ನಗರದ ಪೊಲೀಸರು ಬೆನ್ನಟ್ಟಿದ ಪಿಕಪ್ ಟ್ರಕ್ಕಿನಲ್ಲಿದ್ದ ಪ್ರಯಾಣಿಕ ಸತ್ತಾಗ ಅವನ ತಾಯಿ ದಾವೆ ಹೂಡಿದರು. ಎಲ್ಲ ಅಧಿಕಾರಿಗಳ ಸಹಿಯೂ ಕಡತದಲ್ಲಿಲ್ಲ ಎಂಬುದು ಅವರ ವಾದ. ಪ್ರತಿಯೊಬ್ಬರ ಸಹಿ ತೋರಿಸಬೇಕಿಲ್ಲ, ಸಹಿ ಕಡ್ಡಾಯವೆಂಬ ನಿಯಮ ನಿಜವಾಗಿ ಜಾರಿಯಲ್ಲಿದ್ದರೆ ಸಾಕು ಎಂದು ರಾಜ್ಯದ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. ನಗರ ಗೆದ್ದಿತು. ಸಂತ್ರಸ್ತರಿಗೆ ಕಹಿಯೆನಿಸುವ ತೀರ್ಪಿದು. ಆದರೂ ಒಂದು ದಾರಿ ಉಳಿದಿದೆ: ಇಲಾಖೆಯ ನೀತಿ ಮತ್ತು ತರಬೇತಿಯ ದಾಖಲೆಗಳನ್ನು ಸಾರ್ವಜನಿಕ ದಾಖಲೆ ಕಾಯ್ದೆಯಡಿ ಯಾರು ಬೇಕಾದರೂ ಕೇಳಬಹುದು. ಕೊಡುವೆವೋ ಇಲ್ಲವೋ ಎಂಬುದನ್ನು ಇಲಾಖೆ ಸಾಮಾನ್ಯವಾಗಿ 10 ದಿನಗಳಲ್ಲಿ ತಿಳಿಸಬೇಕು.

ಈಗ ಅಪಘಾತದ ಸ್ಥಳಕ್ಕೆ ಬರೋಣ. ಮೈಸೂರಿನಿಂದ ಮಗಳ ಮನೆಗೆ ಬಂದ ತಾತ, ಮೊಮ್ಮಗಳನ್ನು ಶಾಲೆಗೆ ಬಿಟ್ಟು ಹೊರಡುವಾಗ ಶಾಲಾ ಪೊಲೀಸ್ ಕಾರು ಹಿಂದಕ್ಕೆ ಬಂದು ಅವರ ಕಾರಿನ ಬಾಗಿಲಿಗೆ ತಾಗಿತು ಎಂದುಕೊಳ್ಳಿ. ಎದುರಿಗೆ ಸಮವಸ್ತ್ರ ಕಂಡು ‘ಸಾರಿ ಸರ್, ತಪ್ಪು ನನ್ನದೇ’ ಎನ್ನುವುದು ನಮ್ಮವರ ಸಹಜ ಮರ್ಯಾದೆ. ಆ ಮರ್ಯಾದೆಯ ಮಾತೇ ವರದಿಯೊಳಗೆ ಸೇರಿಕೊಂಡು ತಪ್ಪೊಪ್ಪಿಗೆ ಆಗಿಬಿಡಬಹುದು. ಅಲ್ಲಿಂದ ಜಾಗ ಖಾಲಿ ಮಾಡಬಾರದು. ಹೆಸರು, ವಿಳಾಸ, ಲೈಸೆನ್ಸು, ನೋಂದಣಿ ವಿವರ ಕೊಡಬೇಕು, ಅವರಿಂದಲೂ ಪಡೆಯಬೇಕು. ಕಾರಿನ ಮೇಲಿನ ಇಲಾಖೆಯ ಹೆಸರು, ಘಟಕದ ಸಂಖ್ಯೆ, ಅಧಿಕಾರಿಯ ಬ್ಯಾಡ್ಜ್ ಸಂಖ್ಯೆ, ದೀಪ ಉರಿಯುತ್ತಿತ್ತೇ ಎಂಬುದನ್ನು ಫೋಟೊ ಸಮೇತ ಬರೆದಿಟ್ಟುಕೊಳ್ಳಬೇಕು. ತನ್ನದೇ ಗಾಡಿಯ ಅಪಘಾತವನ್ನು ಶಾಲಾ ಪೊಲೀಸ್ ಇಲಾಖೆಯೇ ತನಿಖೆ ಮಾಡುವುದಕ್ಕಿಂತ ನಗರ ಪೊಲೀಸರೋ ಹೈವೇ ಪ್ಯಾಟ್ರೋಲಿನವರೋ ಬರಲಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ವರದಿಯ ಪ್ರತಿ ಪಡೆಯುವ ಹಕ್ಕು ಚಾಲಕನಿಗೂ, ಗಾಯಗೊಂಡವರಿಗೂ, ಗಾಯಗೊಂಡ ಮಗುವಿನ ಹೆತ್ತವರಿಗೂ ಇದೆ.

ಯಾರಿಗಾದರೂ ಗಾಯವಾಗಿದ್ದರೆ ಅಥವಾ 1,000 ಡಾಲರಿಗಿಂತ ಹೆಚ್ಚು ನಷ್ಟವಾಗಿದ್ದರೆ ಎಸ್‌ಆರ್-1 ಎಂಬ ಫಾರಂ ತುಂಬಿ 10 ದಿನಗಳಲ್ಲಿ ರಾಜ್ಯದ ಮೋಟಾರು ವಾಹನ ಇಲಾಖೆಯಾದ ಡಿಎಂವಿ ಕಚೇರಿಗೆ ಕಳಿಸಬೇಕು. ಪೊಲೀಸರು ವರದಿ ಬರೆದುಕೊಂಡರು ಎಂದರೆ ಇದು ಮುಗಿದಂತಲ್ಲ. ತಪ್ಪು ಯಾರದೇ ಇರಲಿ, ಫಾರಂ ಕಳಿಸದಿದ್ದರೆ ಲೈಸೆನ್ಸು ಅಮಾನತಾಗಬಹುದು.

ಜನ ಮುಗ್ಗರಿಸುವುದು ಇದರ ಮುಂದಿನ ಹೆಜ್ಜೆಯಲ್ಲಿ. ಖಾಸಗಿ ಕಾರು ಗುದ್ದಿ ಗಾಯವಾದರೆ ದಾವೆ ಹೂಡಲು ಎರಡು ವರ್ಷ ಸಿಗುತ್ತದೆ. ಸರ್ಕಾರಿ ಸಂಸ್ಥೆಯಾದರೆ ಮೊದಲು ಅದಕ್ಕೇ ಲಿಖಿತ ಕ್ಲೇಮು ಸಲ್ಲಿಸಬೇಕು, ಅದೂ ಆರು ತಿಂಗಳೊಳಗೆ. ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ-ಅಮ್ಮಂದಿರಿಗೆ ಸಾಮಾನ್ಯವಾಗಿ ಸಿಗುವ ವಾಸದ ಅವಧಿಯೂ ಅಷ್ಟೇ. ‘ಊರಿಗೆ ಹೋಗಿ ನೋಡೋಣ’ ಎಂದವರ ಹಕ್ಕು ವಿಮಾನ ಇಳಿಯುವ ಹೊತ್ತಿಗೇ ಮುಗಿದಿರಬಹುದು. ಕ್ಲೇಮು ಹೋಗಬೇಕಾದದ್ದು ಶಾಲಾ ಡಿಸ್ಟ್ರಿಕ್ಟಿನ ಕಚೇರಿಗೆ. ಶಾಲೆಯ ಪ್ರಿನ್ಸಿಪಾಲರ ಕೈಗಿತ್ತರೆ, ನಗರ ಸಭೆಗೆ ಕಳಿಸಿದರೆ ದಿನ ವ್ಯರ್ಥ. ಅದರಲ್ಲಿ ಹೆಸರು, ಉತ್ತರ ಕಳಿಸಬೇಕಾದ ವಿಳಾಸ, ದಿನಾಂಕ, ಜಾಗ, ನಡೆದದ್ದೇನು, ಗಾಯ ಮತ್ತು ನಷ್ಟ ಯಾವ ಬಗೆಯದು, ಗೊತ್ತಿದ್ದರೆ ಅಧಿಕಾರಿಯ ಹೆಸರು ಇರಬೇಕು. ಇನ್ನೊಂದು ವಿಚಿತ್ರ: ಕೇಳುವ ಮೊತ್ತ 10,000 ಡಾಲರಿನೊಳಗಿದ್ದರೆ ಅಂಕಿ ಬರೆಯಬೇಕು, ಅದನ್ನು ಮೀರಿದರೆ ಅಂಕಿ ಬರೆಯಬಾರದು.

ಗಾಯಗೊಂಡದ್ದು ಮಗುವಾದರೆ ಕಾನೂನು ತುಸು ಮೆದುವಾಗುತ್ತದೆ. ಆರು ತಿಂಗಳ ಗಡುವು ತಪ್ಪಿದ್ದರೂ ಒಂದು ವರ್ಷದೊಳಗೆ ತಡವಾದ ಕ್ಲೇಮಿಗೆ ಅನುಮತಿ ಕೋರಿದರೆ ಅದನ್ನು ಒಪ್ಪಲೇಬೇಕು. ಮಕ್ಕಳಿಗೆ ಹದಿನೆಂಟು ತುಂಬುವವರೆಗೂ ಗಡುವು ಇಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ಕೂರುವವರಿದ್ದಾರೆ. ಸರ್ಕಾರಿ ಸಂಸ್ಥೆಯ ಮೇಲಿನ ಕ್ಲೇಮಿಗೆ ಅದು ಅನ್ವಯಿಸುವುದಿಲ್ಲ.

ವೀಸಾ ಯಾವುದು, ಅದು ಮುಗಿದಿದೆಯೇ ಎಂಬುದನ್ನು ಗಾಯದ ಪರಿಹಾರದ ದಾವೆಯಲ್ಲಿ ಸಾಕ್ಷ್ಯವಾಗಿ ತರುವುದನ್ನು ರಾಜ್ಯದ ಕಾನೂನೇ ತಡೆದಿದೆ. ಅಪಘಾತದಲ್ಲಿ ತಮ್ಮ ತಪ್ಪೂ ಸ್ವಲ್ಪ ಇದ್ದರೆ ಪರಿಹಾರ ಪೂರ್ತಿ ಕೈತಪ್ಪುವುದಿಲ್ಲ, ಅಷ್ಟು ಪಾಲು ಕಡಿತವಾಗುತ್ತದೆ. ಆದರೆ ವಿಮೆಯಿಲ್ಲದ ಸ್ವಂತ ಕಾರು ಓಡಿಸುತ್ತಿದ್ದವರಿಗೆ ಆಸ್ಪತ್ರೆ ಖರ್ಚು ಸಿಕ್ಕರೂ ನೋವು-ಸಂಕಟದ ಪರಿಹಾರ ಸಿಗದು. 1996ರಲ್ಲಿ ಮತದಾರರೇ ಒಪ್ಪಿಕೊಂಡ ನಿಯಮವಿದು.

ಕ್ಲೇಮು ತಲುಪಿದ ಮೇಲೆ ಡಿಸ್ಟ್ರಿಕ್ಟಿಗೆ 45 ದಿನ ಕಾಲಾವಕಾಶ. ತಿರಸ್ಕಾರದ ಪತ್ರ ಬಂದರೆ ದಾವೆಗೆ ಮತ್ತೆ ಆರೇ ತಿಂಗಳು. ಲೆಕ್ಕ ಶುರುವಾಗುವುದು ಪತ್ರ ಕೈಸೇರಿದ ದಿನದಿಂದಲ್ಲ, ಅವರು ಅಂಚೆಗೆ ಹಾಕಿದ ದಿನದಿಂದ. ಆದ್ದರಿಂದ ಪತ್ರದ ಜೊತೆಗೆ ಮುದ್ರೆಯಿರುವ ಲಕೋಟೆಯನ್ನೂ ವಕೀಲರಿಗೆ ತಲುಪಿಸಬೇಕು.